ಕೊನೇ ತೂಬಿನ ಲೆಕ್ಕ: ದಾವಣಗೆರೆ–ಹರಿಹರದ ನೀರು, ಬರ ಮತ್ತು ಸರ್ಕಾರ

ಹರಿಹರಕ್ಕೆ ಹೋದವರು ಹರಿಹರೇಶ್ವರ ದೇವಾಲಯ ನೋಡುತ್ತಾರೆ. ತುಂಗಭದ್ರೆಯ ಸೇತುವೆಯ ಮೇಲೆ ಒಂದು ಗಳಿಗೆ ನಿಲ್ಲುತ್ತಾರೆ. ಊರ ಬಳಿಯೇ ಬಂದು ದೊಡ್ಡ ಹೊಳೆಯನ್ನು ಸೇರುವ ಸಣ್ಣ ಹಳ್ಳವೊಂದನ್ನು ಗಮನಿಸುವವರು ಕಡಿಮೆ. ಪುಸ್ತಕಗಳಲ್ಲಿ ಅದರ ಹೆಸರು ಹರಿದ್ರಾ. ಸೂಳೆಕೆರೆಯಿಂದ ಹೊರಟು ಬರುವುದರಿಂದ ಜನರ ಬಾಯಲ್ಲಿ ಅದು ಸೂಳೆಕೆರೆ ಹಳ್ಳ. ಈ ಸೀಮೆಯ ನೀರಿನ ಚರಿತ್ರೆಯನ್ನು ಹೇಳಲು ಹೊರಟವರು ಭದ್ರಾ ಅಣೆಕಟ್ಟಿನಿಂದ ಶುರುಮಾಡುವುದು ವಾಡಿಕೆ. ನಾನು ಈ ಹಳ್ಳದಿಂದಲೇ ಆರಂಭಿಸುತ್ತೇನೆ. ಏಕೆಂದರೆ ಇವತ್ತು ಭದ್ರಾ ಕಾಲುವೆಯ ದಂಡೆಯಲ್ಲಿ ನಡೆಯುತ್ತಿರುವ ಜಗಳದ ಮೂಲರೂಪ ಆರುನೂರು ವರ್ಷಗಳ ಹಿಂದೆಯೇ ಹರಿಹರದ ಕಲ್ಲಿನ ಮೇಲೆ ಕೊರೆದಿಟ್ಟದ್ದಾಗಿದೆ.

ಹರಿಹರದ ಶಾಸನಗಳಲ್ಲಿ ಒಂದು 1410ರದು, ವಿಜಯನಗರದ ದೇವರಾಯನ ಕಾಲದ್ದು. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಕಟ್ಟಿ, ಕಾಲುವೆ ತೆಗೆದು, ಅದರ ನೀರಾವರಿಯ ಫಲವನ್ನು ದೇವರಿಗೂ ಖರ್ಚು ಹಾಕಿದ ಬ್ರಾಹ್ಮಣರಿಗೂ ಪಾಲುಮಾಡಿಕೊಂಡ ಒಪ್ಪಂದ ಅದರಲ್ಲಿದೆ. 1424ರ ಇನ್ನೊಂದು ಶಾಸನದ ಹೊತ್ತಿಗೆ ಆ ಕಟ್ಟೆ ಒಡೆದುಹೋಗಿತ್ತು. ಸೇನಾಧಿಕಾರಿಯೊಬ್ಬನ ಹಣದ ನೆರವಿನಿಂದ ಅದನ್ನು ಮತ್ತೆ ಕಟ್ಟಿಸಬೇಕಾಯಿತು. ಹದಿನಾಲ್ಕೇ ವರ್ಷ! ಯಾರು ಹಣ ಹಾಕಿದರು, ಯಾರಿಗೆ ಎಷ್ಟು ಪಾಲು, ಒಡೆದರೆ ಸರಿಪಡಿಸುವವರು ಯಾರು ಎಂಬ ಮೂರು ಪ್ರಶ್ನೆಗಳೂ ಆ ಎರಡು ಕಲ್ಲುಗಳ ನಡುವೆ ಬಂದುಹೋಗಿವೆ. ಹೊಲದಲ್ಲಿ ಕೆಸರು ತುಳಿದವರ ಹೆಸರು ಮಾತ್ರ ಅಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದು ಆ ಕಾಲದ ರೀತಿ ಎಂದು ಸುಮ್ಮನಾಗಬಹುದು. ಆದರೆ ಈ ಕಾಲದ ಕಾಗದಗಳಲ್ಲೂ ಆ ಹೆಸರು ಸುಲಭವಾಗಿ ಸಿಗುವುದಿಲ್ಲ ಎಂಬುದನ್ನು ಮುಂದೆ ನೋಡೋಣ.

ಹರಿದ್ರೆಯ ಮೂಲವಾದ ಸೂಳೆಕೆರೆ ಈಗ ಸರ್ಕಾರಿ ದಾಖಲೆಯಲ್ಲಿ ಶಾಂತಿಸಾಗರ. ಚನ್ನಗಿರಿ ತಾಲೂಕಿನ ಎರಡು ಗುಡ್ಡಗಳ ನಡುವಿನ ಕಣಿವೆಗೆ ಸುಮಾರು 950 ಅಡಿ ಉದ್ದದ ಏರಿ ಹಾಕಿ ನಿಲ್ಲಿಸಿದ ನೀರು. ಏರಿ ಉದ್ದವೇನಲ್ಲ, ಆದರೆ ಅದರ ಅಗಲ, ಎತ್ತರ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕೆರೆಯ ಸುತ್ತಳತೆ ಸುಮಾರು 30 ಕಿಲೋಮೀಟರ್. ತೂಬುಗಳಿಂದ ಹೊರಡುವ ನಾಲೆಗಳಿಗೆ ಸಿದ್ಧನಾಲೆ, ಬಸವನಾಲೆ ಎಂದು ಹೆಸರು. ಅಪವಾದ ಹೊತ್ತ ರಾಜಕುಮಾರಿ ಶಾಂತವ್ವ ಈ ಕೆರೆಯನ್ನು ಕಟ್ಟಿಸಿದಳು, ವೇಶ್ಯೆಯರು ತಮ್ಮ ಕೇರಿಯ ಜಾಗವನ್ನು ಬಿಟ್ಟುಕೊಟ್ಟು ಬದಲಿಗೆ ಕೆರೆಗೆ ತಮ್ಮ ಹೆಸರಿಡಬೇಕೆಂದು ಕೇಳಿದರು ಎಂಬ ಐತಿಹ್ಯ ಆ ಸೀಮೆಯ ಮಕ್ಕಳಿಗೂ ಗೊತ್ತು. ಹೆಸರು ಸಭ್ಯವಾಗಿಲ್ಲವೆಂದು ಶಾಂತಿಸಾಗರ ಮಾಡಿದ್ದಾರೆ. ನನಗೇನೋ ಹಳೆಯ ಹೆಸರೇ ಹೆಚ್ಚು ಗೌರವದ್ದು ಅನ್ನಿಸುತ್ತದೆ. ಜಾಗ ಬಿಟ್ಟುಕೊಟ್ಟವರ ನೆನಪು ಉಳಿದ ಕೆರೆಗಳು ನಮ್ಮಲ್ಲಿ ಎಷ್ಟಿವೆ?

ಇಂಥ ಕೆರೆಗಳನ್ನು ಅರಸರು ಕಟ್ಟಿಸಿದರೆಂದು ಪಠ್ಯಪುಸ್ತಕ ಹೇಳುತ್ತದೆ. ಕಟ್ಟಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟದ ಕೆಲಸ. ಅದಕ್ಕಾಗಿಯೇ ಕಟ್ಟುಕೊಡುಗೆ, ದಸವಂದ, ಬಿತ್ತುವಟ್ಟ ಎಂಬ ಏರ್ಪಾಡುಗಳಿದ್ದವು. ಕೆರೆ ಕಟ್ಟಿದವನಿಗೆ ಅಥವಾ ದುರಸ್ತಿ ನೋಡಿಕೊಂಡವನಿಗೆ ಅದೇ ಕೆರೆಯ ಕೆಳಗೆ ಒಂದಿಷ್ಟು ಭೂಮಿ, ಇಲ್ಲವೇ ಬೆಳೆಯಲ್ಲಿ ಒಂದು ಪಾಲು. ತೂಬು ಎತ್ತಿ ಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರುಗಂಟಿ. ಅನೇಕ ಊರುಗಳಲ್ಲಿ ಆತ ದಲಿತ ಕೇರಿಯವನು. ಊರಿನ ಗದ್ದೆಗಳಿಗೆ ಅವನ ಕೈಯ ನೀರು ಬೇಕಿತ್ತು, ಅವನು ಮಾತ್ರ ಊರ ಬಾವಿಗೆ ಇಳಿಯುವಂತಿರಲಿಲ್ಲ. ಹಳೆಯ ಕೆರೆ ವ್ಯವಸ್ಥೆಯನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಬಾರದು.

1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ರಾಜ್ಯದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ, ಜನ ಅಷ್ಟರಮಟ್ಟಿಗೆ ಹರಿಯುವ ನೀರನ್ನೆಲ್ಲ ಹಿಡಿದಿಟ್ಟಿದ್ದಾರೆ ಎಂಬ ಅರ್ಥದ ಮಾತನ್ನು ಬೆರಗಿನಿಂದ ಬರೆದಿಟ್ಟ. ಆತ ಹಾಗೆ ಬರೆದ ಹತ್ತೇ ವರ್ಷಕ್ಕೆ ದೊಡ್ಡ ಬರ ಬಂತು.

ಅದಕ್ಕೂ ಮೊದಲು ದಾವಣಗೆರೆಯ ಬಗ್ಗೆ ಒಂದು ಮಾತು. ಇದು ಮೊದಲು ಬೇತೂರಿನ ಪಕ್ಕದ ಒಂದು ಸಣ್ಣ ಹಳ್ಳಿ. ಹೈದರಾಲಿ ಇದನ್ನು ಆಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ ಮೇಲೆ ಊರು ಪೇಟೆಯಾಯಿತು. ಮುಸ್ಲಿಮ್ ದೊರೆ, ಮರಾಠಾ ಜಹಗೀರುದಾರ, ಲಿಂಗಾಯತ ವರ್ತಕರು, ಮಲೆನಾಡಿನ ಅಡಿಕೆ, ಬಯಲುಸೀಮೆಯ ಹತ್ತಿ, ಕುರುಬರ ಕಂಬಳಿ ಇವೆಲ್ಲ ಕೂಡಿ ಆದ ಊರು ಇದು. ಅಂದರೆ ದಾವಣಗೆರೆ ನೀರಿನಿಂದ ಹುಟ್ಟಿದ ಊರಲ್ಲ, ವ್ಯಾಪಾರದಿಂದ ಹುಟ್ಟಿದ ಊರು. ನೀರು ಇಲ್ಲಿಗೆ ಬಂದದ್ದು ಬಹಳ ತಡವಾಗಿ.

ಹೈದರ್, ಟಿಪ್ಪು ಮತ್ತು ಅವರಿಗೂ ಹಿಂದಿನ ಬಹಮನಿ, ಆದಿಲ್‌ಶಾಹಿ ಆಡಳಿತಗಳು ಇಲ್ಲಿ ಬಿಟ್ಟುಹೋದ ಒಂದು ದೊಡ್ಡ ಆಸ್ತಿಯೆಂದರೆ ಪದಗಳು. ಕೆರೆ, ಏರಿ, ತೂಬು, ಕೋಡಿ, ಮದಗ, ಹಳ್ಳ, ಹೊಳೆ ಹೀಗೆ ನೀರಿನ ಮಾತೆಲ್ಲ ಕನ್ನಡದ್ದು. ತಹಸೀಲ್ದಾರ, ಜಮಾಬಂದಿ, ಬಾಕಿ, ವಸೂಲಿ, ಜಪ್ತಿ, ತಗಾವಿ, ಫಸಲು ಹೀಗೆ ಲೆಕ್ಕದ ಮಾತೆಲ್ಲ ಅರಬ್ಬಿ–ಪಾರಸಿಯದ್ದು. ಖಾರಿಫ್ ಎಂದರೆ ಅರಬ್ಬಿಯಲ್ಲಿ ಶರತ್ಕಾಲ, ರಬಿ ಎಂದರೆ ವಸಂತ. ತಗಾವಿ ಎಂದರೆ ಬಲ ತುಂಬುವುದು. ಬೀಜಕ್ಕೆ, ಎತ್ತಿಗೆ, ಬಾವಿಗೆ ಎಂದು ಸರ್ಕಾರ ರೈತನಿಗೆ ಕೊಡುತ್ತಿದ್ದ ಮುಂಗಡಕ್ಕೆ ಆ ಹೆಸರು. ಎಲ್ಲಕ್ಕಿಂತ ಮುಖ್ಯವಾದದ್ದು ‘ರೈತ’ ಎಂಬ ಪದ. ಅದು ‘ರಯ್ಯತ್’ನಿಂದ ಬಂದದ್ದು. ಮೂಲದಲ್ಲಿ ಅದರ ಅರ್ಥ ಕಾಯಲ್ಪಡುವ ಮಂದೆ, ಆಮೇಲೆ ಪ್ರಜೆ. ಹೀಗೆ ಆ ಪದದೊಳಗೇ ಕಾಯುವವನ ಹೊಣೆಯೂ ಅಡಗಿದೆ. ನಮ್ಮಲ್ಲಿ ಬೇಸಾಯಗಾರನಿಗೆ ಒಕ್ಕಲಿಗ ಎಂಬ ಅಚ್ಚಗನ್ನಡ ಪದವಿತ್ತು. ಅದು ಜಾತಿಯ ಹೆಸರಾಗಿ ನಿಂತಿತು. ಎಲ್ಲ ಜಾತಿಯ ಬೇಸಾಯಗಾರರಿಗೂ ಸಲ್ಲುವ ಹೆಸರಾಗಿ ಉಳಿದದ್ದು ಈ ಹೊರಗಿನಿಂದ ಬಂದ ಪದ. ಹಸಿರು ಶಾಲು ಹೊದ್ದವರೂ ತಮ್ಮ ಸಂಘಕ್ಕೆ ಇದೇ ಹೆಸರಿಟ್ಟರು.

ತಗಾವಿಯ ಮನೋಭಾವ ಎಂಥದ್ದೆಂದು ತಿಳಿಯಲು ಕನ್ನಂಬಾಡಿಯ ಬಳಿ ಸಿಕ್ಕ ಟಿಪ್ಪುವಿನ ಪಾರಸಿ ಶಾಸನವನ್ನು ನೋಡಬೇಕು. ಕಾವೇರಿಗೆ ಅಡ್ಡಲಾಗಿ ಕಟ್ಟಲು ಉದ್ದೇಶಿಸಿದ್ದ ಕಟ್ಟೆಯ ನೀರಿನಿಂದ ಹೊಸದಾಗಿ ಭೂಮಿಯನ್ನು ಸಾಗುವಳಿಗೆ ತಂದವರಿಗೆ ಕಂದಾಯದಲ್ಲಿ ಕಾಲುಭಾಗ ಬಿಡುವ ಭರವಸೆ ಅದರಲ್ಲಿದೆ. ಕಟ್ಟೆ ಅವನ ಕಾಲದಲ್ಲಿ ಆಗಲಿಲ್ಲ. ಯುದ್ಧಗಳು ಬಿಡಲಿಲ್ಲ. ಆದರೆ ನೀರು ಕೊಡುವುದಕ್ಕೂ ಕಂದಾಯ ಬಿಡುವುದಕ್ಕೂ ಸಂಬಂಧವಿದೆಯೆಂಬ ತಿಳಿವಳಿಕೆ ಆ ಸಾಲುಗಳಲ್ಲಿದೆ.

ಈಗ ಬರಕ್ಕೆ ಬರೋಣ.

1876ರಿಂದ 78ರವರೆಗಿನ ಬರವನ್ನು ಹಿರಿಯರು ಧಾತು–ಈಶ್ವರ ಸಂವತ್ಸರದ ಬರ ಎನ್ನುತ್ತಿದ್ದರು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಏರಬೇಕಾದ ಸಂಖ್ಯೆ ಎಂಟು ಲಕ್ಷದ ಎಪ್ಪತ್ತು ಸಾವಿರದಷ್ಟು ಇಳಿದಿತ್ತು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ತಾಲೂಕು, ಹರಿಹರ ಆ ತಾಲೂಕಿನೊಳಗಿನ ಊರು. ಮಳೆಯನ್ನೇ ನಂಬಿದ ಕಪ್ಪುನೆಲದ, ಕೆಮ್ಮಣ್ಣಿನ ಈ ಸೀಮೆ ಬರದ ಬಾಯಿಗೇ ಸಿಕ್ಕಿತು. ಕೆರೆಗಳಿದ್ದವಲ್ಲ ಎಂದರೆ, ಕೆರೆ ಒಂದು ವರ್ಷದ ಮಳೆ ಕೈಕೊಟ್ಟರೆ ತಡೆದೀತು, ಸಾಲುಸಾಲು ಕೈಕೊಟ್ಟರೆ ತಡೆಯಲಾರದು.

ಆಗ ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಸರ್ಕಾರ ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಮಾಡಿದ್ದು ತಡವಾಗಿ, ಕೈ ಬಿಗಿಹಿಡಿದು ಮಾಡಿತು. ಪಕ್ಕದ ಮದರಾಸು ಪ್ರಾಂತದಲ್ಲಿ ಕಾಮಗಾರಿಗೆ ಬಂದ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದ ಕಾಲ ಅದು. ವೈಸರಾಯ್ ಲಿಟ್ಟನ್ 1877ರಲ್ಲಿ ಬಂದುಹೋದ ಮೇಲೆ ಮೈಸೂರಿಗೆ ಎಲಿಯಟ್‌ನನ್ನು ಬರಗಾಲದ ಕಮಿಷನರನಾಗಿ ನೇಮಿಸಿದರು. ದುಡಿಯಬಲ್ಲವರಿಗೆ ಕಾಮಗಾರಿ, ದುಡಿಯಲಾರದವರಿಗೆ ಗಂಜಿಕೇಂದ್ರ ಎಂಬ ವಿಂಗಡಣೆ ನಡೆಯಿತು. ಬರಕ್ಕೆ ಮಾಡಿದ ಖರ್ಚನ್ನು ಸಂಸ್ಥಾನದ ತಲೆಗೇ ಸಾಲವಾಗಿ ಕಟ್ಟಿದರು. 1881ರಲ್ಲಿ ಒಡೆಯರ ಕೈಗೆ ಆಡಳಿತ ಮರಳಿದಾಗ ಅದರ ಜತೆಗೆ 80 ಲಕ್ಷ ರೂಪಾಯಿಯ ಬರಗಾಲದ ಸಾಲವೂ ಬಂತು. ದಿವಾನ್ ರಂಗಾಚಾರ್ಲು ಆಡಳಿತ ಆರಂಭಿಸಿದ್ದೇ ಈ ಸಾಲ ಹೊತ್ತುಕೊಂಡು.

ಆ ಬರದ ಹೊಟ್ಟೆಯಿಂದ ಎರಡು ಮೂರು ಸಂಗತಿಗಳು ಹುಟ್ಟಿದವು. ಒಂದು, ಬರಗಾಲದ ಸಂಹಿತೆ. ಮಳೆ ಎಷ್ಟು ಕಡಿಮೆಯಾದರೆ ಅಧಿಕಾರಿ ಏನು ಮಾಡಬೇಕೆಂಬ ಬರೆದಿಟ್ಟ ನಿಯಮ. ಬರ ದೇವರ ಸಿಟ್ಟಲ್ಲ, ಆಡಳಿತದ ಹೊಣೆ ಎಂದು ಕಾಗದದ ಮೇಲೆ ಒಪ್ಪಿಕೊಂಡದ್ದು ಆಗಲೇ. ಇನ್ನೊಂದು, ಧಾನ್ಯ ಸಾಗಿಸಲು ರೈಲು. ಬೆಂಗಳೂರಿನಿಂದ ಹರಿಹರದವರೆಗಿನ ದಾರಿ 1880ರ ದಶಕದ ಕೊನೆಯ ಹೊತ್ತಿಗೆ ಮುಗಿಯಿತು. 1883ರ ಭೂ ಸುಧಾರಣಾ ಸಾಲದ ಕಾನೂನು, 1884ರ ರೈತರ ಸಾಲದ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ ಹಳೆಯ ತಗಾವಿಗೆ ಹೊಸ ಅಂಗಿ ತೊಡಿಸಿದವು. ಬಲ ತುಂಬುವ ಹಣಕ್ಕೆ ಜಾಮೀನು, ಬಡ್ಡಿ, ಕಂತು, ತಪ್ಪಿದರೆ ಕಂದಾಯ ಬಾಕಿಯಂತೆಯೇ ವಸೂಲಿ.

ರೈಲು ಬಂತು, ನೀರು ಬರಲಿಲ್ಲ. ಇದಕ್ಕೆ ಕಾರಣ ಕೇವಲ ಹಣದ ಕೊರತೆಯಲ್ಲ. 1892ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ ಆದ ಒಪ್ಪಂದದ ಪ್ರಕಾರ ಪಟ್ಟಿಯಲ್ಲಿದ್ದ ನದಿಗಳ ಮೇಲೆ ಹೊಸ ಜಲಾಶಯ ಕಟ್ಟಬೇಕಾದರೆ ಮೈಸೂರು ಮೊದಲು ಮದರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಆ ಪಟ್ಟಿಯಲ್ಲಿ ಕಾವೇರಿಯ ಜತೆ ತುಂಗಾ, ಭದ್ರಾ, ತುಂಗಭದ್ರಾ ಕೂಡ ಇದ್ದವು. ಕಾವೇರಿಯ ಆ ಒಪ್ಪಂದದ ಬಗ್ಗೆ ಮಂಡ್ಯದ ಹುಡುಗನಿಗೂ ಗೊತ್ತು. ಅದೇ ಕಾಗದ ದಾವಣಗೆರೆಯ ಹೊಲಗಳನ್ನೂ ಅರ್ಧ ಶತಮಾನ ಒಣಗಿಸಿತೆಂಬುದು ಇಲ್ಲಿನವರಿಗೇ ಅಷ್ಟಾಗಿ ತಿಳಿದಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ತುಂಗಭದ್ರಾ ನೀರಿನ ಹಂಚಿಕೆ ಕುರಿತ 1944ರ ಒಪ್ಪಂದದ ಬಳಿಕವಷ್ಟೇ ಭದ್ರೆಯ ದಾರಿ ತೆರೆಯಿತು.

ತರೀಕೆರೆ ತಾಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಸ್ವಾತಂತ್ರ್ಯ ಬಂದ ಕಾಲಕ್ಕೆ ಶುರುವಾಗಿ 1960ರ ದಶಕದ ನಡುಭಾಗದಲ್ಲಿ ಮುಗಿಯಿತು. ತುಂಬಿದ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ. ಬಲದಂಡೆ ಕಾಲುವೆಯ ಉದ್ದ 103 ಕಿಲೋಮೀಟರ್, ಎಡದಂಡೆಯದು 77. ಬಲದಂಡೆಯಿಂದ ದಾವಣಗೆರೆ, ಮಲೇಬೆನ್ನೂರು, ಹರಿಹರ ಶಾಖಾ ಕಾಲುವೆಗಳು ಒಡೆದು ಹೊರಡುತ್ತವೆ. ಒಟ್ಟು ಅಚ್ಚುಕಟ್ಟು ಸುಮಾರು 1,05,570 ಹೆಕ್ಟೇರ್. ಮೂರು ತಲೆಮಾರು ಜೋಳ, ಹತ್ತಿ ಬಿಟ್ಟರೆ ಬೇರೆ ಕಾಣದ ಹೊಲಗಳಲ್ಲಿ ಭತ್ತ ನಿಂತಿತು. ಆಂಧ್ರದಿಂದ ಬಂದ ಬೇಸಾಯಗಾರರು ಕ್ಯಾಂಪು ಹಾಕಿ ನೆಲೆಸಿದರು. ಅಕ್ಕಿ ಗಿರಣಿಗಳು ಎದ್ದವು. ನೀರಿನ ಭಾಷೆಗೆ ಮೂರನೆಯ ಪದರವೂ ಸೇರಿತು: ಡಿಸ್ಟ್ರಿಬ್ಯೂಟರಿ, ಆನ್–ಆಫ್, ಟೇಲೆಂಡು, ಕಾಡಾ, ಐಸಿಸಿ. ಈ ಪದಗಳನ್ನು ಒಂದಕ್ಷರ ಇಂಗ್ಲಿಷ್ ಓದದ ರೈತರು ಈಗ ನಿರಾಯಾಸವಾಗಿ ಆಡುತ್ತಾರೆ. ಹಿಂದೆ ಜಮಾಬಂದಿ, ಜಪ್ತಿ ಕಲಿತದ್ದೂ ಹೀಗೆಯೇ, ಕಷ್ಟ ಬಿದ್ದು.

ಒಂದು ಸಣ್ಣ ಲೆಕ್ಕ ಹಾಕೋಣ. ಜಲಾಶಯದ ತಳದಲ್ಲಿ ಬಳಸಲಾಗದೆ ಉಳಿಯುವ ನೀರು ಹದಿಮೂರು ಮುಕ್ಕಾಲು ಟಿಎಂಸಿಯ ಆಸುಪಾಸು. ಅದನ್ನು ಕಳೆದರೆ ಉಳಿಯುವುದು 57 ಚಿಲ್ಲರೆ. ಅದನ್ನು ಇಡೀ ಅಚ್ಚುಕಟ್ಟಿನ ಮೇಲೆ ಸಮನಾಗಿ ಹರಡಿದರೆ ಸುಮಾರು ಐದು ಅಡಿ ನೀರು ನಿಲ್ಲುತ್ತದೆ. ಕಾಲುವೆಯಲ್ಲಿ ಇಂಗುವುದು, ಆವಿಯಾಗುವುದು, ಕುಡಿಯುವ ನೀರಿಗೆ ಹೋಗುವುದು ಇವನ್ನು ಇದರಲ್ಲೇ ಕಳೆಯಬೇಕು. ಒಮ್ಮೆ ತುಂಬಿದ ಜಲಾಶಯದಿಂದ ಎಲ್ಲರಿಗೂ ಒಂದು ಭತ್ತ ಬಂದರೆ ದೊಡ್ಡದು. ಆದ್ದರಿಂದಲೇ ಯೋಜನೆ ರೂಪಿಸಿದವರು ಎಲ್ಲ ಕಡೆ ಭತ್ತವನ್ನೇ ಲೆಕ್ಕ ಹಾಕಿರಲಿಲ್ಲ, ಅರೆನೀರಾವರಿ ಬೆಳೆಗಳನ್ನೂ ಸೇರಿಸಿದ್ದರು. ಆದರೆ ಕಾಲುವೆಯ ಮೇಲ್ಭಾಗದಲ್ಲಿದ್ದವರು ವರ್ಷಕ್ಕೆ ಎರಡು ಭತ್ತ ಬೆಳೆದರು. ಆಮೇಲೆ ಚನ್ನಗಿರಿ ಕಡೆಯ ಅಡಿಕೆ ತೋಟಗಳು ಬಯಲಿಗೂ ಇಳಿದುಬಂದವು. ಭತ್ತದ ಗದ್ದೆಗೆ ಒಂದು ಹಂಗಾಮು ನೀರಿಲ್ಲ ಎನ್ನಬಹುದು, ಹದಿನೈದು ವರ್ಷದ ಅಡಿಕೆ ಮರಕ್ಕೆ ಹಾಗೆ ಹೇಳಲಾಗುವುದಿಲ್ಲ. ಕಾಲುವೆಗೆ ಪಂಪು ಇಟ್ಟು ಅಚ್ಚುಕಟ್ಟಿನ ಹೊರಗಿನ ತೋಟಕ್ಕೆ ನೀರು ಒಯ್ಯುವುದೂ ಬೆಳೆಯಿತು. ಇದರ ಪೆಟ್ಟು ಬಿದ್ದದ್ದು ದಾವಣಗೆರೆ, ಹರಿಹರ ತಾಲೂಕುಗಳ ಕೊನೆ ಭಾಗದ ರೈತರಿಗೆ. ದಾಖಲೆಯಲ್ಲಿ ಅವರದು ನೀರಾವರಿ ಜಮೀನು. ಕಾಲುವೆಯಲ್ಲಿ ಮುಳ್ಳುಕಂಟಿ.

ಸರ್ಕಾರ ನೀರಿನ ದರವನ್ನು ಎಕರೆ ಲೆಕ್ಕದಲ್ಲಿ ಕಟ್ಟಿತು. 2000ದಲ್ಲಿ ಪರಿಷ್ಕರಿಸಿದಾಗ ಭತ್ತಕ್ಕೆ ಎಕರೆಗೆ 100 ರೂಪಾಯಿ, ಕಬ್ಬಿಗೆ 400. ನೀರು ಎಷ್ಟು ಬಂತೆಂದು ಅಳೆಯುವ ಪದ್ಧತಿಯಿಲ್ಲ. ಮೇಲಿನವನು ಮೊಣಕಾಲುದ್ದ ನಿಲ್ಲಿಸಿದರೂ ಅಷ್ಟೇ ದರ, ಕೆಳಗಿನವನು ಇಬ್ಬನಿಯಲ್ಲಿ ಬೆಳೆದರೂ ಅಷ್ಟೇ. ನೀರು ಕೊಡದೆ ಕರ ಕೇಳಿದ್ದಕ್ಕೆ ಏನಾಗುತ್ತದೆಂದು ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳು 1980ರ ಜುಲೈನಲ್ಲಿ ತೋರಿಸಿದ್ದವು. ಅಲ್ಲಿ ಗೋಲಿಬಾರಿನಲ್ಲಿ ರೈತರು ಸತ್ತರು. ಆ ಕಿಡಿಯಿಂದ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ಮೊದಲ ನಾಯಕರು ಬಂದದ್ದು ಭದ್ರೆಯ ನೀರುಂಡ ಶಿವಮೊಗ್ಗದ ಕಡೆಯಿಂದ: ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್. ಎಂ.ಡಿ. ನಂಜುಂಡಸ್ವಾಮಿ ಅವರ ಜತೆಗೂಡಿದರು. ಬಾಕಿ ವಸೂಲಿಗೆ ಬಂದ ಅಧಿಕಾರಿಯನ್ನು ಊರ ಬಾಗಿಲಲ್ಲೇ ನಿಲ್ಲಿಸಿ ಅಪ್ಪಣೆ ಪಡೆದು ಒಳಗೆ ಬಾ ಎಂದು ಬೋರ್ಡು ಬರೆದವರು ಇವರು. ದಾವಣಗೆರೆಗೂ ತನ್ನದೇ ಆದ ಗಾಯವಿದೆ. 1992ರ ಸೆಪ್ಟೆಂಬರಿನಲ್ಲಿ ರಸಗೊಬ್ಬರದ ಸಬ್ಸಿಡಿ ವಿಚಾರವಾಗಿ ನಡೆದ ಚಳವಳಿಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ಆನಗೋಡಿನಲ್ಲಿ ಅವರ ಸ್ಮಾರಕವಿದೆ. ಪ್ರತಿವರ್ಷ ಸೆಪ್ಟೆಂಬರ್ 13ರಂದು ಜನ ಅಲ್ಲಿ ಸೇರುತ್ತಾರೆ. ಹೆದ್ದಾರಿಯಲ್ಲಿ ಹೋಗುವವರಿಗೆ ಅದೊಂದು ಸಣ್ಣ ಕಟ್ಟೆಯಂತೆ ಕಾಣುತ್ತದೆ.

ಇಪ್ಪತ್ತೊಂದನೆಯ ಶತಮಾನದ ಬರಗಳಲ್ಲಿ ಹಸಿವಿನಿಂದ ಸಾಲುಸಾಲಾಗಿ ಸಾಯುವುದು ನಿಂತಿದೆ. ಪಡಿತರ, ಉದ್ಯೋಗ ಖಾತ್ರಿ, ರೈಲು, ಲಾರಿ ಎಲ್ಲಕ್ಕೂ ಅದರ ಪುಣ್ಯ ಸಲ್ಲಬೇಕು. ಸಾವು ಬೇರೆ ದಾರಿ ಹಿಡಿಯಿತು. 2000ದ ನಂತರದ ಸತತ ಬರದಲ್ಲಿ ರೈತರ ಆತ್ಮಹತ್ಯೆಗಳು ಎಷ್ಟು ಹೆಚ್ಚಿದವೆಂದರೆ ಸರ್ಕಾರ ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಬೇಕಾಯಿತು. 1877ರಲ್ಲಿ ರೈತನಿಗೆ ಸಾಲ ಕೊಡುವವರಿಲ್ಲದೆ ಕಷ್ಟ, ಈಗ ಕೊಟ್ಟವರಿಂದ ಕಷ್ಟ. ಕೊಳವೆಬಾವಿಗೆ ಮಾಡಿದ ಸಾಲ ನೀರು ಬಾರದಿದ್ದರೂ ಬಡ್ಡಿ ಹೆರುತ್ತದೆ. ಜಗಳೂರು ಕಡೆ ಇಂಥ ಒಣ ಕೊಳವೆಗಳು ಹೊಲಹೊಲಕ್ಕೂ ಕಾಣುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಒಂದೇ ಜಿಲ್ಲೆಯೊಳಗೆ ಕಾಲುವೆಯ ಹರಿಹರವೂ ಮಳೆ ನೆರಳಿನ ಜಗಳೂರೂ ಸೇರಿದವು. ಒಂದೇ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಒಂದು ವಾರ ಭತ್ತಕ್ಕೆ ನೀರು ಕೇಳುವವರು, ಮರುವಾರ ಕುಡಿಯಲು ನೀರು ಕೇಳುವವರು.

2023ರ ಬರ ಈ ವ್ಯವಸ್ಥೆಯ ಎಲ್ಲ ಕೀಲುಗಳನ್ನೂ ಒಟ್ಟಿಗೆ ತೋರಿಸಿತು. ಆ ಆಗಸ್ಟಿನಲ್ಲಿ ಮುಂಗಾರು ಬೆಳೆಗೆ ನೂರು ದಿನ ನೀರು ಕೊಡುವುದಾಗಿ ಹೇಳಿ ಕಾಲುವೆಗೆ ಬಿಟ್ಟರು. ರೈತರು ನಾಟಿ ಮಾಡಿದರು. ಮಳೆ ಕೈಕೊಟ್ಟಿತು, ಜಲಾಶಯ ತುಂಬಲಿಲ್ಲ. ಸೆಪ್ಟೆಂಬರಿನಲ್ಲಿ ಆನ್–ಆಫ್ ಪದ್ಧತಿ ಎಂದರು. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ನೂರು ಕಿಲೋಮೀಟರಿನ ಕಾಲುವೆಯಲ್ಲಿ ನೀರು ಮೇಲಿನಿಂದ ಕೊನೆಯವರೆಗೆ ಬರಲು ದಿನಗಳೇ ಬೇಕು. ಕೊನೇ ತೂಬಿಗೆ ನೀರು ಮುಟ್ಟುವ ಹೊತ್ತಿಗೆ ಮೇಲೆ ಬಂದ್ ಮಾಡುವ ದಿನ ಬಂದಿರುತ್ತದೆ. ಹೊಡೆ ತುಂಬುವ ಭತ್ತಕ್ಕೆ ಅದು ತಿಳಿಯುವುದಿಲ್ಲ. ದಾವಣಗೆರೆ ಬಂದ್ ಆಯಿತು, ರಸ್ತೆತಡೆಗಳಾದವು. ಸರ್ಕಾರದ ಕಡೆಗೂ ಒಂದು ವಾದವಿತ್ತು: ಇರುವುದನ್ನು ಈಗಲೇ ಬಿಟ್ಟರೆ ಬೇಸಿಗೆಯಲ್ಲಿ ತೋಟಕ್ಕೆ, ಕುಡಿಯುವುದಕ್ಕೆ ಏನು? ವಾದ ಸುಳ್ಳಲ್ಲ. ನಾಟಿಗೆ ಮೊದಲೇ ಅದನ್ನು ಹೇಳಬೇಕಿತ್ತು. ಗೊಬ್ಬರ, ಆಳು, ಟ್ರ್ಯಾಕ್ಟರಿನ ಖರ್ಚೆಲ್ಲ ಮಣ್ಣಿಗೆ ಹೋದ ಮೇಲೆ ಹೇಳಿದ ಸತ್ಯ ರೈತನಿಗೆ ಉಪಯೋಗಕ್ಕೆ ಬರಲಿಲ್ಲ.

ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ರಾಜ್ಯ ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಟ್ಟಲೆ ಕಾದು, 2024ರ ಮಾರ್ಚಿನಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ಬಿಡುಗಡೆಯಾಯಿತು. ಅದಕ್ಕೂ ಮೊದಲು ರಾಜ್ಯ ತನ್ನ ಕೈಯಿಂದ ತಲಾ 2,000 ರೂಪಾಯಿವರೆಗೆ ಮೊದಲ ಕಂತು ಕೊಟ್ಟಿತ್ತು. ಪರಿಹಾರದ ನಿಯಮ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500; ಅದೂ ಎರಡು ಹೆಕ್ಟೇರಿಗೆ ಮಾತ್ರ. ಮಳೆಯಾಶ್ರಿತ ಜಮೀನಿಗೆ ಎಕರೆಗೆ ಸುಮಾರು 3,400 ರೂಪಾಯಿ ಬಿತ್ತು. ಬೀಜ, ಗೊಬ್ಬರ, ಉಳುಮೆಯ ಬಾಡಿಗೆ ಲೆಕ್ಕ ಹಾಕಿದವರು ಉಳಿದದ್ದನ್ನು ತಾವೇ ಊಹಿಸಿಕೊಳ್ಳಬಹುದು.

ಈ ಹಣ ಹೋಗುವುದು ಪಹಣಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೆ. ಇದರಿಂದ ನಡುವಿನವರ ಕೈ ತಪ್ಪಿತು, ಒಪ್ಪಬೇಕಾದ್ದೇ. ಆದರೆ ದಾವಣಗೆರೆ, ಹರಿಹರದ ಅಚ್ಚುಕಟ್ಟಿನಲ್ಲಿ ಗದ್ದೆ ಮಾಡುವವರಲ್ಲಿ ಗುತ್ತಿಗೆಗೆ, ಪಾಲಿಗೆ ಹಿಡಿದವರೂ ಇದ್ದಾರೆ. ಗುತ್ತಿಗೆ ಬಾಯಿಮಾತಿನದು. ಭೂಸುಧಾರಣೆ ಕಾನೂನಿನ ಭಯದಿಂದ ಯಾವ ಒಡೆಯನೂ ಅದನ್ನು ಕಾಗದಕ್ಕೆ ಹಾಕುವುದಿಲ್ಲ. ಬೆಳೆ ಹೋದದ್ದು ಗುತ್ತಿಗೆಯವನದು, ಪರಿಹಾರ ಬರುವುದು ಒಡೆಯನಿಗೆ. ಒಳ್ಳೆಯ ಒಡೆಯನಾದರೆ ಅರ್ಧ ಕೊಡುತ್ತಾನೆ. 1410ರ ಕಲ್ಲಿನಲ್ಲಿ ಇಲ್ಲದ ಹೆಸರು ಗಣಕೀಕೃತ ಪಹಣಿಯಲ್ಲೂ ಇಲ್ಲ ಎಂದು ನಾನು ಮೇಲೆ ಹೇಳಿದ್ದು ಇದನ್ನೇ.

ಇನ್ನೂ ಕೆಳಗಿಳಿದರೆ ದಾವಣಗೆರೆ ನಗರದ ಮಂಡಕ್ಕಿ ಭಟ್ಟಿಗಳು ಸಿಗುತ್ತವೆ. ಬೆಣ್ಣೆದೋಸೆಗೆ ಸಿಕ್ಕ ಹೆಸರು ಇಲ್ಲಿನ ಮಂಡಕ್ಕಿಗೂ ಇದೆ. ಭತ್ತ ನೆನೆಸಿ, ಹುರಿದು, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸುವ ಕೆಲಸ. ಹೊಗೆ ಮತ್ತು ಝಳದ ನಡುವೆ ದುಡಿಯುವ ಈ ಜನರಲ್ಲಿ ಬಹುಪಾಲು ಮುಸ್ಲಿಮರು. ಹೆಂಗಸರು, ಮಕ್ಕಳು ಸೇರಿ ಇಡೀ ಮನೆ ಈ ಕೆಲಸಕ್ಕೆ ಬಿದ್ದಿರುತ್ತದೆ. ಭಟ್ಟಿಗೆ ಟೈರು ಸುಡುವುದರ ವಿರುದ್ಧ ಆಗಾಗ ದೂರು ಬರುತ್ತದೆ, ನ್ಯಾಯವಾಗಿಯೇ. ಆದರೆ ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವರು ಅವರೇ. ಭದ್ರಾ ಕಾಲುವೆಯಲ್ಲಿ ನೀರು ನಿಂತರೆ ಭತ್ತದ ಬೆಲೆ ಏರುತ್ತದೆ, ಭಟ್ಟಿ ತಣ್ಣಗಾಗುತ್ತದೆ. ಅಕ್ಕಿ ಗಿರಣಿಯ ಹಮಾಲರು, ಎಪಿಎಂಸಿಯ ಚೀಲ ಹೊಲಿಯುವವರು, ನಾಟಿಗೆ ಹೋಗುವ ಹೆಂಗಸರು ಎಲ್ಲರದೂ ಇದೇ ಪಾಡು. ಇವರಿಗೆ ಒಂದು ಗುಂಟೆ ಜಮೀನಿಲ್ಲ. ಬರ ಪರಿಹಾರದ ಯಾವ ನಮೂನೆಯಲ್ಲೂ ಇವರಿಗೆ ಕಾಲಂ ಇಲ್ಲ. ಹಳ್ಳಿಯ ಕೂಲಿಗೆ ಉದ್ಯೋಗ ಖಾತ್ರಿಯಾದರೂ ಇದೆ, ನಗರದ ಭಟ್ಟಿ ಕೆಲಸಗಾರನಿಗೆ ಅದೂ ಇಲ್ಲ. ಬರವೆಂದರೆ ಹೊಲದ ಸಂಗತಿ ಎಂದು ನಂಬಿರುವ ನಮ್ಮ ಪತ್ರಿಕೆಗಳು ಈ ಬೀದಿಗಳಿಗೆ ವರದಿಗಾರರನ್ನು ಕಳಿಸುವುದೂ ಅಪರೂಪ.

ನೀರು ಹಂಚುವುದು ಹೇಗೆ ಎಂಬ ಪ್ರಶ್ನೆಗೆ ಲೋಕದಲ್ಲಿ ಉತ್ತರಗಳಿಲ್ಲದೆ ಇಲ್ಲ. ಸ್ಪೇನಿನ ವೆಲೆನ್ಸಿಯಾ ನಗರದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಚರ್ಚಿನ ಬಾಗಿಲಲ್ಲಿ ನೀರಿನ ನ್ಯಾಯಾಲಯ ಸೇರುತ್ತದೆ. ನ್ಯಾಯಾಧೀಶರು ವಕೀಲರಲ್ಲ, ಕಾಲುವೆಗಳ ರೈತರು ಆರಿಸಿದ ರೈತರು. ವಿಚಾರಣೆ ಬಾಯಿಮಾತಿನಲ್ಲಿ, ತೀರ್ಪು ಅಲ್ಲೇ. ಮುಸ್ಲಿಮರು ಅಲ್ಲಿ ಆಳುತ್ತಿದ್ದ ಕಾಲದ ನೀರಾವರಿ ಪದ್ಧತಿಯಿಂದ ಬೆಳೆದು ಬಂದದ್ದಿದು. ಅಲ್ಲಿ ಕಾಲುವೆಗೆ ಹೇಳುವ ‘ಅಸೇಕಿಯಾ’ ಎಂಬ ಪದವೇ ಅರಬ್ಬಿ. ದೊರೆಗಳು ಬದಲಾದರು, ಧರ್ಮ ಬದಲಾಯಿತು, ನೀರಿನ ಸರದಿ ಬದಲಾಗಲಿಲ್ಲ. ಯುನೆಸ್ಕೊ 2009ರಲ್ಲಿ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಭದ್ರಾ ನೀರಿನ ತೀರ್ಮಾನ ಮಾಡುವುದು ನೀರಾವರಿ ಸಲಹಾ ಸಮಿತಿ, ಅಂದರೆ ಐಸಿಸಿ. ಸಭೆ ನಡೆಯುವುದು ಶಿವಮೊಗ್ಗದ ಕಾಡಾ ಕಚೇರಿಯಲ್ಲಿ, ಸಾಮಾನ್ಯವಾಗಿ ಸಚಿವರ ಅಧ್ಯಕ್ಷತೆಯಲ್ಲಿ. ನೀರು ಬಳಕೆದಾರರ ಸಹಕಾರ ಸಂಘಗಳಿಗೆ 2000ದ ತಿದ್ದುಪಡಿಯಿಂದ ಕಾನೂನಿನ ಬಲ ಸಿಕ್ಕಿದೆ, ಸಂಘಗಳೂ ಆಗಿವೆ. ಆದರೆ ಮೇಲಿನ ತೂಬಿನವನ ಪಂಪು ತೆಗೆಸುವ ಶಕ್ತಿ ಕೆಳಗಿನ ಸಂಘಕ್ಕೆ ಬರಲಿಲ್ಲ. ಅಕ್ರಮವಾಗಿ ಕಾಲುವೆ ನೀರೆತ್ತುವವರ ಮೇಲೆ ಶಿಕ್ಷೆ ಬಿಗಿಗೊಳಿಸಲು 2024ರಲ್ಲಿ ನೀರಾವರಿ ಕಾಯಿದೆಗೆ ಮತ್ತೆ ತಿದ್ದುಪಡಿಯಾಯಿತು. ಪಂಪಿನವನಿಗೆ ಮತವಿದೆ, ಕೊನೇ ತೂಬಿನವನಿಗೂ ಇದೆ. ಕಾಯಿದೆ ಯಾರ ಕಡೆ ವಾಲುತ್ತದೆಂದು ಬೇಸಿಗೆಗಳು ಹೇಳಬೇಕು.

ಹರಿಹರ ತಾಲೂಕಿನ ರಾಜನಹಳ್ಳಿಯಿಂದ 22 ಕೆರೆಗಳಿಗೂ, ದೀಟೂರಿನಿಂದ ಜಗಳೂರಿನ 57 ಕೆರೆಗಳಿಗೂ ತುಂಗಭದ್ರೆಯ ನೀರೆತ್ತುವ ಯೋಜನೆಗಳು ಬಂದಿವೆ. ಒಣಗಿದ ಕೆರೆಗೆ ಹೊಳೆಯ ನೀರು ಬಿದ್ದ ದಿನ ಜಗಳೂರಿನ ಹಳ್ಳಿಗಳಲ್ಲಿ ಹೆಂಗಸರು ಬಾಗಿನ ಬಿಟ್ಟರು. ಕೆರೆ ಮತ್ತೆ ನೀತಿಯೊಳಕ್ಕೆ ಬಂದದ್ದು ನನ್ನ ಮಟ್ಟಿಗೆ ಈ ಕಾಲದ ದೊಡ್ಡ ಒಳ್ಳೆಯ ಸುದ್ದಿ. ಹೊಳೆ ತುಂಬಿದಾಗ ಎತ್ತಿದರೆ ಯಾರಿಗೂ ನಷ್ಟವಿಲ್ಲ. ಹೊಳೆಯೇ ಬತ್ತಿದ ವರ್ಷ ಪಂಪು ಸುಮ್ಮನಿರುತ್ತದೆ, ಬಿಲ್ಲು ಮಾತ್ರ ಬರುತ್ತದೆ.

ಭದ್ರಾ ಮೇಲ್ದಂಡೆ ಯೋಜನೆ ಚಿತ್ರದುರ್ಗ, ತುಮಕೂರು ಕಡೆಗೂ ಜಗಳೂರಿಗೂ ನೀರು ಒಯ್ಯಬೇಕು. ಅದಕ್ಕೆ 5,300 ಕೋಟಿ ರೂಪಾಯಿ ಕೊಡುವುದಾಗಿ ಕೇಂದ್ರ 2023ರ ಬಜೆಟ್ಟಿನಲ್ಲಿ ಹೇಳಿತ್ತು. ಈ ನಡುವೆ 2025ರಲ್ಲಿ ಬಲದಂಡೆ ಕಾಲುವೆಯನ್ನು ಮೇಲ್ಭಾಗದಲ್ಲೇ ಸೀಳಿ ಹೊಸದುರ್ಗ, ತರೀಕೆರೆ ಮೊದಲಾದ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿ ಆರಂಭವಾದಾಗ ದಾವಣಗೆರೆಯ ರೈತರು ಮತ್ತೆ ಬೀದಿಗಿಳಿದರು. ಹೊಸದುರ್ಗದವರ ಬಾಯಾರಿಕೆ ನಿಜ. ಜಲಾಶಯದಿಂದ ನೇರವಾಗಿ ತೆಗೆಯಿರಿ, ಕಾಲುವೆಯ ಮಟ್ಟ ಇಳಿಸಬೇಡಿ ಎಂದು ಇಲ್ಲಿನವರು ಕೇಳಿದ್ದೂ ನಿಜವಾದ ಭಯದಿಂದಲೇ. ಕಾಲುವೆಯ ಮಟ್ಟ ಒಂದಡಿ ಇಳಿದರೆ ಮಲೇಬೆನ್ನೂರಿನಾಚೆಯ ತೂಬುಗಳಿಗೆ ನೀರು ಹತ್ತುವುದಿಲ್ಲ. ಜೂನ್ ಬಂತೆಂದರೆ ಈ ಸೀಮೆಯ ಚಹಾದಂಗಡಿಗಳಲ್ಲಿ ದಿನಪತ್ರಿಕೆ ತೆರೆದವರು ಮೊದಲು ನೋಡುವುದು ಭದ್ರೆಯ ಅಂದಿನ ಮಟ್ಟವನ್ನು. ನೂರಾ ಎಂಬತ್ತಾರಕ್ಕೆ ಇನ್ನೆಷ್ಟು ಬಾಕಿ ಎಂದು ಬೆರಳು ಮಡಚಿ ಎಣಿಸುವವರಲ್ಲಿ ಗದ್ದೆಯವರಿರುತ್ತಾರೆ, ತೋಟದವರಿರುತ್ತಾರೆ, ಭಟ್ಟಿಯವರೂ ಇರುತ್ತಾರೆ.